ಮಾಂಸದ ಸಾರಿಗೆ ಹಣ್ಣು ಹಾಕುವ ಹೊತ್ತು

ಕಳೆದ ಬೇಸಿಗೆಯಲ್ಲಿ ಒಂದು ಕಿಲೋ ಕೋಳಿಯನ್ನು ಕೈಯಾರೆ ಹಾಳು ಮಾಡಿದೆ. ಮರುದಿನ ಭಾನುವಾರ, ನಾದಿನಿಯ ಮನೆಯವರು ಡೊಂಬಿವಲಿಯಿಂದ ಊಟಕ್ಕೆ ಬರುವವರಿದ್ದರು. ಅನಾನಸ್ ಹಾಕಿದ ತಿಳಿಯಾದ ಕೋಳಿ ಸಾರು ಮಾಡೋಣವೆಂದು ಶನಿವಾರ ರಾತ್ರಿಯೇ ತುಂಡುಗಳಿಗೆ ಉಪ್ಪು, ಅರಿಶಿನ, ಶುಂಠಿ, ಬೆಳ್ಳುಳ್ಳಿ ಹಚ್ಚಿದೆ. ರುಚಿ ಒಳಗಿನವರೆಗೂ ಇಳಿಯಲಿ ಎಂದು ಹಸಿ ಅನಾನಸನ್ನು ಮಿಕ್ಸಿಯಲ್ಲಿ ತಿರುಗಿಸಿ ಅದನ್ನೂ ಕಲಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ತುಂಡುಗಳ ಹೊರಮೈ ಬಿಳಿಚಿಕೊಂಡಿತ್ತು, ಒತ್ತಿದರೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಬೇಯಿಸಿದ ಮೇಲೆ ಮಾಂಸ ಎಳೆಯೆಳೆಯಾಗಿ ಬಿಡಲೇ ಇಲ್ಲ. ನೆನೆದ ಬ್ರೆಡ್ಡಿನ ಹಾಗೆ ಮೂಳೆಯಿಂದ ಜಾರಿ ಸಾರಿನಲ್ಲಿ ಕರಗಿಹೋಯಿತು.

ಬಂದವರು ಏನೂ ಅನ್ನದೆ ಉಂಡರು. ಸಂಜೆ ಕುಂದಾಪುರಕ್ಕೆ, ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅಮ್ಮ ಒಂದೇ ಮಾತು ಹೇಳಿದಳು: "ಮೆಣಸ್ಕಾಯಿ ಮಾಡು ಹೊತ್ತಿಗೆ ಹಣ್ಣ್ ಮೊದ್ಲ್ ಬೇಯ್ಸುದ್ ಕಂಡಿಲ್ಯಾ ಮಗಾ?"

ಕಂಡಿದ್ದೆ. ಅನಾನಸ್ ಮೆಣಸ್ಕಾಯಿ, ಅಂದರೆ ನಮ್ಮ ಕಡೆಯ ಸಿಹಿ ಖಾರದ ಗೊಜ್ಜು, ಮಾಡುವಾಗ ಅಮ್ಮ ಹಣ್ಣಿನ ಹೋಳುಗಳನ್ನು ಅರಿಶಿನ, ಉಪ್ಪು, ಬೆಲ್ಲ ಹಾಕಿ ಮೊದಲು ಬೇಯಿಸುತ್ತಾಳೆ, ಎಳ್ಳು ಕಾಯಿ ಅರೆದದ್ದು ಆಮೇಲೆ. ಅದೊಂದು ರೂಢಿ ಎಂದಷ್ಟೇ ತಿಳಿದಿದ್ದೆ, ಕಾರಣ ಕೇಳಿರಲಿಲ್ಲ. ಆ ಕಾರಣವನ್ನು ಹುಡುಕುತ್ತ ಹೋದಾಗ ಮಾಂಸಕ್ಕೆ ಹಣ್ಣು ಹಾಕುವ ಅಡುಗೆಯೆಲ್ಲ ಒಂದೇ ಎಳೆಯಲ್ಲಿ ಅರ್ಥವಾಯಿತು. ಹಣ್ಣಿನಲ್ಲಿ ಹುಳಿ ಇದೆ, ಸಿಹಿ ಇದೆ, ಪರಿಮಳ ಇದೆ, ಸಾರನ್ನು ಮಂದಗೊಳಿಸುವ ಅಂಟು ಇದೆ, ಕೆಲವು ಹಣ್ಣಿನಲ್ಲಿ ಮಾಂಸ ಕರಗಿಸುವ ಶಕ್ತಿಯೂ ಇದೆ. ಇವೆಲ್ಲ ಒಂದೇ ಹಣ್ಣಿನೊಳಗಿದ್ದರೂ ಪಾತ್ರೆಯಲ್ಲಿ ಒಂದೊಂದರ ಹೊತ್ತು ಬೇರೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ನನ್ನ ಕೋಳಿಗೆ ಆದದ್ದು ಇಷ್ಟು. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ. ಮಾಂಸದ ಪ್ರೋಟೀನನ್ನು ಅದು ಕತ್ತರಿಯಂತೆ ತುಂಡು ತುಂಡು ಮಾಡುತ್ತದೆ. ಹಸಿ ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್, ಅಂಜೂರದಲ್ಲಿ ಫಿಸಿನ್ ಇದೇ ಕೆಲಸ ಮಾಡುತ್ತವೆ. ಜಾಸ್ತಿ ಅನಾನಸ್ ತಿಂದಾಗ ನಾಲಿಗೆ ಉರಿಯುವುದಕ್ಕೂ ಈ ಕಿಣ್ವ ಒಂದು ಕಾರಣ. ಫ್ರಿಜ್ಜಿನ ತಂಪಿನಲ್ಲಿ ಅದು ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಬೆಚ್ಚಗಾದಷ್ಟೂ ಚುರುಕಾಗುತ್ತದೆ, ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಾಯುತ್ತದೆ. ಹಾಗಾಗಿ ಅತಿ ಕೆಟ್ಟ ದಾರಿ ಎಂದರೆ ಹಸಿ ಅನಾನಸ್ ಕಲಸಿದ ಮಾಂಸವನ್ನು ಸಣ್ಣ ಉರಿಯ ಮೇಲಿಟ್ಟು ಮೆಲ್ಲಗೆ ಬಿಸಿ ಮಾಡುವುದು, ನಾನು ಮಾಡಿದ್ದು ಅದನ್ನೇ. ಒಮ್ಮೆ ಕುದಿಸಿದ ಅನಾನಸಿನಲ್ಲಿ ಈ ಶಕ್ತಿ ಉಳಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಅನಾನಸಿನಲ್ಲೂ ಇರುವುದಿಲ್ಲ, ಅದನ್ನು ಮೊದಲೇ ಬಿಸಿ ಮಾಡಿರುತ್ತಾರೆ. ಹಸಿ ಅನಾನಸ್ ಹಾಕಿದರೆ ಜೆಲಟಿನ್ ಜೆಲ್ಲಿ ಗಟ್ಟಿಯಾಗುವುದಿಲ್ಲ, ಡಬ್ಬಿಯದು ಹಾಕಿದರೆ ಆಗುತ್ತದೆ. ಮೊಸರಿಗೋ ಹಾಲಿಗೋ ಹಸಿ ಅನಾನಸ್ ಬೆರೆಸಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುವುದೂ ಇದೇ ಕಿಣ್ವದಿಂದ. ಅಮ್ಮ ಹಣ್ಣನ್ನು ಮೊದಲು ಬೇಯಿಸುವುದರಲ್ಲಿ ಇದೆಲ್ಲ ಅಡಗಿದೆ.

ಎಣ್ಣೆ ಬಿಟ್ಟ ಜಾಗವನ್ನು ಯಾರು ತುಂಬುತ್ತಾರೆ

ಮುಂಬೈಯ ಸೆಕೆಯಲ್ಲಿ, ಮಾರ್ಚ್ ಕಳೆದ ಮೇಲೆ, ಎಣ್ಣೆ ತೇಲುವ ಮಟನ್ ರಸ್ಸಾವನ್ನೋ ದಪ್ಪ ತೆಂಗಿನ ಹಾಲಿನ ಗಸಿಯನ್ನೋ ಉಂಡು ಮಧ್ಯಾಹ್ನ ಕಳೆಯುವುದು ಕಷ್ಟ. ಹಗುರವಾಗಿ ಮಾಡೋಣ ಎಂದು ಹೊರಟವರು ಮೊದಲು ಕಡಿಮೆ ಮಾಡುವುದು ಎಣ್ಣೆಯನ್ನು, ಆಮೇಲೆ ಕಾಯಿಯನ್ನು. ಆಗ ಬರುವ ಸಾರು ಹಗುರವಾಗಿರುವುದಿಲ್ಲ, ಬರೇ ನೀರುನೀರಾಗಿರುತ್ತದೆ. ಅಷ್ಟೇ ಮೆಣಸು ಹಾಕಿದ್ದರೂ ಖಾರ ಮೊದಲಿಗಿಂತ ಜೋರಾಗಿ ಚುಚ್ಚುತ್ತದೆ. ನಮ್ಮ ಮನೆಯಲ್ಲೂ ಎಷ್ಟೋ ಸಲ ಹೀಗಾಗಿದೆ.

ಯಾಕೆಂದರೆ ಎಣ್ಣೆ, ಕಾಯಿ, ಗೋಡಂಬಿ ಇವೆಲ್ಲ ಸಾರಿನಲ್ಲಿ ಒಟ್ಟಿಗೆ ಮೂರು ಕೆಲಸ ಮಾಡುತ್ತಿರುತ್ತವೆ. ಮಸಾಲೆಯ ಘಮ ಬಹುಪಾಲು ಕೊಬ್ಬಿನಲ್ಲೇ ಕರಗುವಂಥದ್ದು, ಅದನ್ನು ಬಾಯಿತನಕ ಹೊತ್ತು ತರುವುದು ಎಣ್ಣೆ. ಸಾರಿಗೆ ಮಂದ ಬರುವುದು ಅವುಗಳಿಂದ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕೊಬ್ಬು ಇದ್ದಾಗ ಖಾರ ಅದರಲ್ಲಿ ಹಂಚಿಹೋಗುತ್ತದೆ, ಇಲ್ಲದಾಗ ನೇರ ನಾಲಿಗೆಗೆ ತಾಗುತ್ತದೆ.

ಈ ಮೂರರಲ್ಲಿ ಎರಡು ಕೆಲಸವನ್ನು ಹಣ್ಣು ವಹಿಸಿಕೊಳ್ಳಬಲ್ಲದು. ಅದರ ಸಕ್ಕರೆ ಖಾರದ ಮೊನೆಯನ್ನು ಮೊಂಡು ಮಾಡುತ್ತದೆ. ಅದರ ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿ ಮಾಡುವ ಆ ಅಂಟು, ಸಾರಿಗೆ ಮೈ ಕೊಡುತ್ತದೆ. ಇದರ ಮೇಲೆ ಎಣ್ಣೆ ಎಂದೂ ಕೊಡಲಾಗದ ಒಂದನ್ನು ಹಣ್ಣಿನ ಹುಳಿ ಕೊಡುತ್ತದೆ: ಉಂಡ ಮೇಲೆ ಬಾಯಿ ಭಾರವಾಗುವುದಿಲ್ಲ. ಉಳಿದದ್ದು ಘಮ ಹೊರುವ ಕೆಲಸ. ಅದಕ್ಕೆ ಎಣ್ಣೆಯೇ ಬೇಕು, ಆದರೆ ಮುಕ್ಕಾಲು ಕಿಲೋ ಮಾಂಸಕ್ಕೆ ಒಂದೂವರೆ ದೊಡ್ಡ ಚಮಚ ಸಾಕು. ಎಣ್ಣೆಯೇ ಇಲ್ಲದ ಸಾರನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ, ಅದರಲ್ಲಿ ಹಾಕಿದ ಮಸಾಲೆ ಬಹುಪಾಲು ದಂಡ.

ಹಣ್ಣು ಹಣ್ಣಿಗೂ ವ್ಯತ್ಯಾಸ ಇದೆ. ಅನಾನಸಿನಲ್ಲಿ ಹುಳಿಯೂ ಪರಿಮಳವೂ ಬೇಕಾದಷ್ಟಿವೆ, ಪೆಕ್ಟಿನ್ ಕಡಿಮೆ. ಹಾಗಾಗಿ ಅನಾನಸ್ ಹಾಕಿದ ಸಾರಿಗೆ ಮಂದವನ್ನು ಈರುಳ್ಳಿಯಿಂದ ತರಬೇಕು. ಜರ್ದಾಳು (ಏಪ್ರಿಕಾಟ್), ಸೇಬು, ಪೇರಳೆ ಹಣ್ಣುಗಳಲ್ಲಿ ಪೆಕ್ಟಿನ್ ಧಾರಾಳ, ಅವು ತಾವೇ ಕರಗಿ ಸಾರನ್ನು ಮಂದ ಮಾಡುತ್ತವೆ. ಪುನರ್ಪುಳಿಯಲ್ಲಿ (ಕೋಕಮ್) ಹುಳಿ ಮತ್ತು ಬಣ್ಣ, ಅದು ಮಂದ ಕೊಡುವ ಹಣ್ಣಲ್ಲ.

ಈರುಳ್ಳಿ ಮೊದಲು, ಹುಳಿ ಆಮೇಲೆ

ಹುಳಿಯ ವಿಷಯದಲ್ಲಿ ನಾವೆಲ್ಲ ಎಡವುವ ಒಂದು ಜಾಗ ಇದೆ. ಈರುಳ್ಳಿ ಅರ್ಧ ಬಾಡುವುದರೊಳಗೆ ಟೊಮೆಟೊ, ಹಣ್ಣು, ಹುಣಸೆ ರಸ ಏನಾದರೂ ಹಾಕಿಬಿಡುತ್ತೇವೆ. ಆಮೇಲೆ ಎಷ್ಟು ಕುದಿಸಿದರೂ ಈರುಳ್ಳಿಯ ಚೂರು ಹಲ್ಲಿಗೆ ಸಿಗುತ್ತಲೇ ಇರುತ್ತದೆ. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿಯಲ್ಲಿ ಅದು ಸುಲಭಕ್ಕೆ ಸಡಿಲವಾಗುವುದಿಲ್ಲ. ಹುಣಸೆ ಹುಳಿಗೆ ಹಸಿ ಆಲೂಗಡ್ಡೆ ಹಾಕಿದರೆ ಗಂಟೆಗಟ್ಟಲೆ ಬೇಯದೆ ಕೂರುವುದೂ ಅದಕ್ಕೇ. ಇನ್ನೊಂದು, ಈರುಳ್ಳಿ, ಮಾಂಸ ಕಂದುಬಣ್ಣಕ್ಕೆ ತಿರುಗಿ ಘಮ ಬಿಡುವ ಕ್ರಿಯೆ ಹುಳಿ ಸೇರಿದೊಡನೆ ನಿಧಾನವಾಗುತ್ತದೆ, ನೀರೂ ಸೇರಿದರೆ ನಿಂತೇ ಹೋಗುತ್ತದೆ. ಆದ್ದರಿಂದ ಬಣ್ಣ ಬರಿಸುವುದೆಲ್ಲ ಮುಗಿದ ಮೇಲಷ್ಟೇ ಹುಳಿ. ಈ ಒಂದು ಕ್ರಮ ಹಿಡಿದವರಿಗೆ ಅರ್ಧ ಅಡುಗೆ ಕೈಗೆ ಬಂದ ಹಾಗೆ.

ಈಗ ಕೋಳಿಗೆ ಬರುತ್ತೇನೆ. ನಾಲ್ಕು ಜನಕ್ಕೆ ಮುಕ್ಕಾಲು ಕಿಲೋ ಸಾಕು. ಅಂಗಡಿಯಲ್ಲಿ ಚರ್ಮ ತೆಗೆಸಿ, ಕರಿ ಕಟ್ ಮಾಡಿಸಿ. ಕೋಳಿಯ ಕೊಬ್ಬಿನ ದೊಡ್ಡ ಪಾಲು ಚರ್ಮದಲ್ಲಿ, ಅದರ ಕೆಳಗೆ ಇರುವುದರಿಂದ ಹಗುರವಾಗುವ ಕೆಲಸ ಅಲ್ಲೇ ಶುರು. ಮೂಳೆ ಇರಲಿ. ಕಾಲು, ತೊಡೆ ಹೆಚ್ಚಿದ್ದರೆ ಒಳ್ಳೆಯದು, ಎದೆಯ ಮಾಂಸ ಐದು ನಿಮಿಷ ಜಾಸ್ತಿ ಬೆಂದರೂ ಒಣಗುತ್ತದೆ. ತುಂಡುಗಳಿಗೆ ಒಂದೂವರೆ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅರಿಶಿನ ಹಚ್ಚಿ ಒಂದು ಗಂಟೆ ಬಿಡಿ. ಹಣ್ಣು ಬೇಡ, ನಿಂಬೆಯೂ ಬೇಡ. ಒಳಗಿಳಿಯುವುದು ಉಪ್ಪು ಮಾತ್ರ. ಮಿಕ್ಕ ಮಸಾಲೆ ಎಷ್ಟು ಹೊತ್ತು ಹಚ್ಚಿಟ್ಟರೂ ಹೆಚ್ಚುಕಮ್ಮಿ ಮೇಲೇ ಇರುತ್ತದೆ.

ಮಸಾಲೆಗೆ ಆರು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು, ಕಾಲು ಟೀ ಚಮಚ ಮೆಂತೆ. ಒಂದೊಂದನ್ನೇ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ. ಬ್ಯಾಡಗಿಯನ್ನೇ ಹಿಡಿಯುವುದಕ್ಕೆ ಕಾರಣ ಇದೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಎಣ್ಣೆ ಕಡಿಮೆ ಇರುವ ಸಾರಿಗೆ ಗುಂಟೂರು ಮೆಣಸು ಹಾಕಿದರೆ ಹಣ್ಣಿನ ಪರಿಮಳ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಮೆಂತೆ ಕಾಲು ಚಮಚಕ್ಕಿಂತ ಒಂದು ಕಾಳೂ ಹೆಚ್ಚು ಬೇಡ, ಹಣ್ಣಿನ ಹುಳಿಯ ಜೊತೆ ಅದರ ಕಹಿ ಎದ್ದು ಬರುತ್ತದೆ.

ಹಣ್ಣನ್ನು ನಾನು ಮಾಟುಂಗಾ ಮಾರ್ಕೆಟ್ಟಿನಿಂದ ತರುತ್ತೇನೆ. ಅಲ್ಲಿ ಬಾಳೆಎಲೆ, ಕರಿಬೇವು, ಒಳ್ಳೆ ತೆಂಗಿನಕಾಯಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಗಾಡಿಯವನು ಉದ್ದ ಚೂರಿಯಲ್ಲಿ ಅನಾನಸಿನ ಸಿಪ್ಪೆ ಕೆತ್ತಿ, ಉಳಿದ ಕಣ್ಣುಗಳನ್ನು ಒಂದೊಂದಾಗಿ ಅಗೆಯದೆ ಓರೆಯಾಗಿ ಸುತ್ತಲೂ ಕಾಲುವೆ ತೆಗೆದ ಹಾಗೆ ಕೊಯ್ಯುತ್ತಾನೆ. ಆ ಕಣ್ಣುಗಳು ಹಣ್ಣಿನ ಮೇಲೆ ಸುರುಳಿಯಾಗಿಯೇ ಸಾಲುಗಟ್ಟಿರುತ್ತವೆ, ಅವನ ಚೂರಿ ಆ ಸಾಲನ್ನೇ ಹಿಡಿದು ಹೋಗುತ್ತದೆ. ಹಣ್ಣು ತೀರ ಕಳಿತದ್ದು ಬೇಡ. ಬುಡದಲ್ಲಿ ಮೂಗಿಟ್ಟರೆ ಪರಿಮಳ ಬರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ಸಿಪ್ಪೆ ಕಳೆದು ಕಾಲು ಕಿಲೋ ಹೋಳು ಬೇಕು, ಅಡಿಕೆಗಿಂತ ತುಸು ದೊಡ್ಡದಾಗಿ ಕೊಚ್ಚಿ.

ಈ ಹೋಳುಗಳನ್ನು ಮೊದಲು ಎಣ್ಣೆ ಹಾಕದ ಕಾವಲಿಯ ಮೇಲೆ ಒಂದೇ ಪದರದಲ್ಲಿ ಹರಡಿ ಜೋರು ಉರಿಯಲ್ಲಿಡಿ. ಮೊದಲು ಚುಂಯ್ ಎಂದು ನೀರು ಬಿಡುತ್ತದೆ. ಆ ನೀರು ಆರಿ ಸದ್ದು ಸಣ್ಣದಾಗುವಾಗ ಅಂಚುಗಳು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತವೆ, ಅಡುಗೆಮನೆ ತುಂಬ ಸುಟ್ಟ ಸಕ್ಕರೆಯ ವಾಸನೆ. ಆಗ ಮಗುಚಿ ಇನ್ನೆರಡು ನಿಮಿಷ. ಕಿಣ್ವ ಇಲ್ಲೇ ಸತ್ತಿತು, ನೀರು ಹೋಗಿ ರುಚಿ ಗಟ್ಟಿಯಾಯಿತು, ಆಮೇಲೆ ಸಾರಿನಲ್ಲಿ ಬಿದ್ದರೂ ಹೋಳು ಕರಗದೆ ನಿಲ್ಲುತ್ತದೆ. ಬದಿಗಿಡಿ.

ಬಾಣಲೆಯಲ್ಲಿ ಒಂದೂವರೆ ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ ಕರಿಬೇವು, ಆಮೇಲೆ ಎರಡು ಮಧ್ಯಮ ಗಾತ್ರದ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಹಾಕಿ. ಇಷ್ಟು ಕಡಿಮೆ ಎಣ್ಣೆಯಲ್ಲಿ ಈರುಳ್ಳಿ ತಳ ಹಿಡಿಯುತ್ತದೆ. ಹಿಡಿಯುವಾಗ ಎಣ್ಣೆ ಸುರಿಯಬೇಡಿ, ಒಂದು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆಯಿರಿ. ತಳಕ್ಕೆ ಅಂಟಿದ ಕಂದು ಕರಗಿ ಈರುಳ್ಳಿಗೇ ಬಣ್ಣವಾಗಿ ಬರುತ್ತದೆ. ಹೀಗೆ ಐದಾರು ಸಲ, ಹನ್ನೆರಡರಿಂದ ಹದಿನೈದು ನಿಮಿಷ. ಈ ಹೊತ್ತನ್ನು ಉಳಿಸಲು ಹೋದರೆ ಸಾರು ಮಂದ ಬರುವುದಿಲ್ಲ. ಈರುಳ್ಳಿ ಜಜ್ಜಿದ ಹಾಗಾದ ಮೇಲೆ ಆರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಅರೆದು ಹಾಕಿ, ಹಸಿ ವಾಸನೆ ಹೋಗಲಿ. ಆಮೇಲೆ ಕೋಳಿ. ತುಂಡುಗಳ ಮೈ ಬಿಳಿಯಾಗುವತನಕ ಜೋರು ಉರಿಯಲ್ಲಿ ಮಗುಚಿ, ಮಸಾಲೆ ಪುಡಿ ಹಾಕಿ ಇನ್ನೊಂದು ನಿಮಿಷ ಬಾಡಿಸಿ. ಪುಡಿ ಎಣ್ಣೆಗೆ ತಾಗಲೇಬೇಕು, ನೇರ ನೀರಿಗೆ ಬೀಳಬಾರದು.

ಇನ್ನು ತೆಂಗಿನ ಹಾಲು. ಅರ್ಧ ಕಾಯಿ ತುರಿದು ಮೊದಲು ಹಿಂಡಿದ ದಪ್ಪ ಹಾಲು ಅರ್ಧ ಕಪ್ ತೆಗೆದಿಡಿ. ಅದೇ ಚರಟಕ್ಕೆ ಬಿಸಿನೀರು ಹಾಕಿ ಎರಡನೆಯ ಸಲ ಹಿಂಡಿದ ತೆಳು ಹಾಲು ಒಂದೂವರೆ ಕಪ್ ಬೇಕು. ಕೋಳಿ ಬೇಯುವುದು ಈ ತೆಳು ಹಾಲಿನಲ್ಲಿ. ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ. ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ, ಆದರೆ ಮೂಳೆ ಸಹಿತದ ಕಾಲಿನ ತುಂಡು ಅದಕ್ಕಿಂತ ಇನ್ನಷ್ಟು ಬೆಂದಾಗಲೇ ಮೆತ್ತಗಾಗುವುದು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದವರು ತೊಡೆಯ ತುಂಡನ್ನು ಮೂಳೆಯ ಪಕ್ಕ ಚುಚ್ಚಿ ನೋಡಿ, ಕೆಂಪು ನೀರು ಬರಬಾರದು, ಮಾಂಸ ಮೂಳೆಯಿಂದ ಸುಲಭವಾಗಿ ಬಿಡಬೇಕು.

ಈಗ ಹಣ್ಣು. ಬಾಡಿಸಿಟ್ಟ ಅನಾನಸ್ ಹಾಕಿ ಮುಚ್ಚದೆ ಎಂಟು ನಿಮಿಷ ಕುದಿಸಿ. ಹುಳಿ, ಸಿಹಿ ಸಾರಿಗೆ ಇಳಿಯಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಕುದಿಸಿದರೆ ಹಣ್ಣಿನ ಪರಿಮಳ ಆವಿಯಲ್ಲಿ ಹೋಗಿ ಜಾಮಿನ ವಾಸನೆ ಉಳಿಯುತ್ತದೆ. ರುಚಿ ನೋಡಿ. ಉಪ್ಪು ಸರಿಯಿಲ್ಲದೆ ಸಿಹಿ ಹುಳಿ ಯಾವುದನ್ನೂ ತೂಗಲಾಗುವುದಿಲ್ಲ, ಆದ್ದರಿಂದ ಮೊದಲು ಉಪ್ಪು ಸರಿಮಾಡಿ. ಸಿಹಿ ಜಾಸ್ತಿ ಅನಿಸಿದರೆ ಎರಡು ಎಸಳು ಪುನರ್ಪುಳಿ ಸಿಪ್ಪೆ ಹಾಕಿ, ಹುಳಿ ಜಾಸ್ತಿಯಾದರೆ ಅಡಿಕೆಯಷ್ಟು ಬೆಲ್ಲ. ಕೊನೆಗೆ ಉರಿ ತೀರ ಸಣ್ಣ ಮಾಡಿ ದಪ್ಪ ಹಾಲು ಸುರಿದು, ಕುದಿ ಬರುವ ಮೊದಲೇ ಇಳಿಸಿ. ತೆಂಗಿನ ಹಾಲು ಎಂದರೆ ನೀರಿನಲ್ಲಿ ತೇಲುವ ಕೊಬ್ಬಿನ ಸಣ್ಣ ಹನಿಗಳು, ಅವನ್ನು ಬೇರೆಬೇರೆಯಾಗಿ ಹಿಡಿದಿಟ್ಟಿರುವುದು ಅದರಲ್ಲಿರುವ ತುಸು ಪ್ರೋಟೀನ್. ಹುಳಿಯೂ ಜೋರು ಬಿಸಿಯೂ ಒಟ್ಟಿಗೆ ಸಿಕ್ಕಿದರೆ ಆ ಪ್ರೋಟೀನ್ ಗಂಟುಕಟ್ಟಿ, ಹನಿಗಳು ಕೂಡಿ, ಹಾಲು ಒಡೆದು ಮೇಲೆ ಎಣ್ಣೆ ತೇಲುತ್ತದೆ. ತಿನ್ನಲು ಅಪಾಯವೇನಿಲ್ಲ, ಆದರೆ ಆ ನಯ ಹೋಯಿತು. ಗೋವಾದಲ್ಲೂ ನಮ್ಮ ಕಡೆಯೂ ತೆಂಗಿನ ಹಾಲಿಗೆ ಪುನರ್ಪುಳಿ ಬೆರೆಸುವಾಗ ಕುದಿಸುವುದನ್ನು ತಪ್ಪಿಸುವುದು ಇದಕ್ಕೇ.

ಪಾರ್ಸಿ ಮನೆಯ ಜರ್ದಾಳು

ನಾವಿರುವ ಮಾಟುಂಗಾದಿಂದ ಫೈವ್ ಗಾರ್ಡನ್ಸ್ ದಾಟಿದರೆ ದಾದರಿನ ಪಾರ್ಸಿ ಕಾಲೊನಿ. ಹಣ್ಣು ಹಾಕಿದ ಮಾಂಸದ ಅಡುಗೆಯಲ್ಲಿ ಮುಂಬೈಗೆ ಗುರುಗಳು ಅವರೇ. ಇರಾನಿನ ಖೋರೆಶ್ ಎಂಬ ಮಂದ ಸಾರು‌ಗಳಲ್ಲಿ ಮಾಂಸದ ಜೊತೆ ದಾಳಿಂಬೆ ರಸ, ಪ್ಲಮ್, ಒಣಹಣ್ಣು ಬೇಯುತ್ತವೆ. ಅಲ್ಲಿಂದ ಗುಜರಾತಿಗೆ, ಗುಜರಾತಿನಿಂದ ಮುಂಬೈಗೆ ಬಂದ ಪಾರ್ಸಿಗಳು ಆ ನಾಲಿಗೆಯನ್ನು ಬಿಡಲಿಲ್ಲ, ಇಲ್ಲಿಯ ಮೆಣಸು, ಶುಂಠಿ, ಬೆಲ್ಲವನ್ನು ಅದಕ್ಕೆ ಸೇರಿಸಿಕೊಂಡರು. ಜರ್ದಾಳು ಸಲ್ಲಿ ಬೋಟಿ ಎಂಬುದು ಅವರ ಹೆಸರಾಂತ ಅಡುಗೆ: ಒಣ ಜರ್ದಾಳು ಹಾಕಿ ಬೇಯಿಸಿದ ಮಟನ್, ಮೇಲೆ ಕಡ್ಡಿಯಷ್ಟು ಸಪೂರ ಹೆಚ್ಚಿ ಕರಿದ ಆಲೂಗಡ್ಡೆಯ ಸಲ್ಲಿ. ನನಗೆ ಇದನ್ನು ಹೇಳಿಕೊಟ್ಟದ್ದು ಹಿಂದೆ ಆಫೀಸಿನಲ್ಲಿ ಜೊತೆಗಿದ್ದ ಒಬ್ಬ ಪಾರ್ಸಿ ಆಂಟಿ. ಹಣ್ಣನ್ನು ಮಟನ್ ಜೊತೆ ಕುಕ್ಕರಿಗೆ ಹಾಕಲು ಅವರು ಎಂದೂ ಬಿಡುತ್ತಿರಲಿಲ್ಲ.

ಅವರು ಹೇಳಿದ್ದು ಸರಿ ಎಂದು ಈಗ ತಿಳಿಯುತ್ತದೆ. ಮಟನ್ ಎಂದು ಇಲ್ಲಿ ಸಿಗುವುದು ಬಹುಪಾಲು ಆಡಿನ ಮಾಂಸ. ಕುರಿಗಿಂತ ಅದರಲ್ಲಿ ಕೊಬ್ಬು ಕಡಿಮೆ, ನಾರು ಜಾಸ್ತಿ. ಆ ನಾರಿನ ಕೊಲಾಜೆನ್ ಎಂಬ ಪ್ರೋಟೀನ್ ನೀರಿನಲ್ಲಿ ಬಹಳ ಹೊತ್ತು ಬೆಂದ ಮೇಲೆ ಜೆಲಟಿನ್ ಆಗಿ ಕರಗುತ್ತದೆ, ಕಾಲು ಸೂಪ್ ತಣ್ಣಗಾದರೆ ಗಟ್ಟಿಯಾಗುತ್ತದಲ್ಲ, ಅದೇ ವಸ್ತು. ತೆರೆದ ಪಾತ್ರೆಯಲ್ಲಿ ಇದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಕುಕ್ಕರಿನೊಳಗೆ ಬಿಸಿ ಸುಮಾರು 120 ಡಿಗ್ರಿವರೆಗೆ ಏರುವುದರಿಂದ ಒಂದು ಸೀಟಿಯ ನಂತರ ಸಣ್ಣ ಉರಿಯಲ್ಲಿ 20 ನಿಮಿಷಕ್ಕೆ ಆಗುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಜರ್ದಾಳಿನ ಸಕ್ಕರೆ ತಳ ಹಿಡಿದು ಕಪ್ಪಾಗುತ್ತದೆ, ಹಣ್ಣು ಗುರುತೇ ಸಿಗದ ಹಾಗೆ ಕರಗುತ್ತದೆ. ಮಾಂಸಕ್ಕೆ ಬೇಕಾದ ಹೊತ್ತು ಬೇರೆ, ಹಣ್ಣಿಗೆ ಬೇಕಾದದ್ದು ಬೇರೆ.

ನಾನು ಮಾಡುವ ರೀತಿ ಹೀಗೆ. ಹಿಂದಿನ ರಾತ್ರಿ ಮುಕ್ಕಾಲು ಕಿಲೋ ಮಟನ್ನನ್ನು ಉಪ್ಪು, ಶುಂಠಿ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಎರಡು ಏಲಕ್ಕಿ, ಎರಡೂವರೆ ಕಪ್ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ತಣಿದ ಮೇಲೆ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಕೊಬ್ಬು ಮೇಲೆ ಬಿಳಿ ಹಾಳೆಯಂತೆ ಹೆಪ್ಪುಗಟ್ಟಿರುತ್ತದೆ, ಚಮಚದಿಂದ ಎತ್ತಿ ತೆಗೆದರಾಯಿತು. ಕೆಳಗಿನ ರಸ ಅರ್ಧ ಜೆಲ್ಲಿ. ಸಾರಿಗೆ ಗೋಡಂಬಿ ಅರೆದು ಹಾಕುವ ಅಗತ್ಯವೇ ಇಲ್ಲ, ಮಂದ ಅದರಲ್ಲೇ ಇದೆ.

ಜರ್ದಾಳು 100 ಗ್ರಾಂ. ಕ್ರಾಫರ್ಡ್ ಮಾರ್ಕೆಟ್ಟಿನ ಒಣಹಣ್ಣಿನ ಅಂಗಡಿಗಳಲ್ಲಿ ಎರಡು ಬಗೆ ಕಾಣುತ್ತವೆ. ಹೊಳೆಯುವ ಕಿತ್ತಳೆ ಬಣ್ಣದ, ಬೀಜ ತೆಗೆದ, ಮೆತ್ತಗಿನದು ಒಂದು. ಗೋಲಿಯಷ್ಟು ದೊಡ್ಡ, ಕಂದುಬಣ್ಣದ, ಬೀಜ ಸಹಿತದ ಗಟ್ಟಿ ಹಣ್ಣು ಇನ್ನೊಂದು. ಕಿತ್ತಳೆ ಬಣ್ಣ ಹಾಗೇ ಉಳಿದಿರುವುದು ಗಂಧಕದ ಡೈಆಕ್ಸೈಡ್ ಉಪಚಾರದಿಂದ. ಆಸ್ತಮಾ ಇರುವ ಕೆಲವರಿಗೆ ಅದು ಆಗುವುದಿಲ್ಲ, ಅವರು ಕಂದು ಹಣ್ಣನ್ನೇ ತರಲಿ. ನನ್ನ ಮಟ್ಟಿಗೆ ರುಚಿಯಲ್ಲೂ ಕಂದುಬಣ್ಣದ್ದೇ ಮೇಲು, ಅದರ ಸಿಹಿಗೆ ಒಂದು ಆಳ ಇದೆ. ಅದನ್ನು ಬಿಸಿನೀರಿನಲ್ಲಿ ನಾಲ್ಕು ಗಂಟೆಯಾದರೂ ನೆನೆಸಬೇಕು, ಕಿತ್ತಳೆ ಬಣ್ಣದ್ದಕ್ಕೆ ಒಂದು ಗಂಟೆ ಸಾಕು. ಬೀಜ ಒಡೆದರೆ ಒಳಗೆ ಬಾದಾಮಿಯಂಥ ತಿರುಳು ಸಿಗುತ್ತದೆ. ಸಿಹಿ ತಿರುಳನ್ನು ತಿನ್ನುವ ರೂಢಿ ಇದೆ, ಆದರೆ ಕಹಿ ಇದ್ದರೆ ಉಗುಳಿಬಿಡಿ, ಮಕ್ಕಳಿಗೆ ಕೊಡಲೇಬೇಡಿ. ಕಹಿ ತಿರುಳಿನ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸೈನೈಡ್ ಬಿಡುತ್ತದೆ.

ಮುಂದಿನದು ಕೋಳಿಯ ಹಾಗೇ. ಮೂರು ಈರುಳ್ಳಿಯನ್ನು ನೀರು ಚಿಮುಕಿಸುತ್ತ ಕಂದಾಗಿಸಿ, ನೆನೆಸಿ ಅರೆದ ನಾಲ್ಕು ಬ್ಯಾಡಗಿ, ಒಂದು ಚಮಚ ಜೀರಿಗೆ, ಬೆಳ್ಳುಳ್ಳಿ ಹಾಕಿ ಬಾಡಿಸಿ, ಒಂದು ಟೊಮೆಟೊ ಕರಗಿಸಿ, ಮಟನ್ನನ್ನು ರಸದ ಸಮೇತ ಸುರಿಯಬೇಕು. ಕುದಿ ಬಂದ ಮೇಲೆ ಜರ್ದಾಳು, ಅದು ನೆನೆದ ನೀರಿನ ಜೊತೆಗೆ. ನಾಲ್ಕು ಹಣ್ಣನ್ನು ಬೀಜ ತೆಗೆದು ಕೈಯಲ್ಲೇ ಹಿಸುಕಿ ಮೊದಲು ಹಾಕಿ, ಅವು ಕರಗಿ ಸಾರಾಗುತ್ತವೆ. ಉಳಿದವನ್ನು ಇಡಿಯಾಗಿ ಕೊನೆಯ ಹದಿನೈದು ನಿಮಿಷಕ್ಕೆ ಹಾಕಿ. ತಳ ಹಿಡಿಯದಂತೆ ಸೌಟು ಆಡಿಸುತ್ತಿರಿ. ಇಳಿಸುವ ಮೊದಲು ಒಂದು ದೊಡ್ಡ ಚಮಚ ಕಬ್ಬಿನ ವಿನೆಗರ್. ಅನಾನಸಿಗೆ ಇದು ಬೇಡವಾಗಿತ್ತು, ಜರ್ದಾಳು ಒಣಗುವಾಗ ಸಿಹಿ ಹುಳಿಯನ್ನು ಮುಚ್ಚುವುದರಿಂದ ಇಲ್ಲಿ ಬೇಕು. ಸಲ್ಲಿ ಕರಿದರೆ ಹಗುರ ಎಂಬ ಮಾತಿಗೆ ಅರ್ಥವಿಲ್ಲ, ನಾನು ಹಬ್ಬಕ್ಕಷ್ಟೇ ಮಾಡುತ್ತೇನೆ. ಉಳಿದ ದಿನ ಚಪಾತಿ.

ಜರ್ದಾಳು ಮತ್ತು ಕರಿಯ ಈ ಜೋಡಿ ಬೇರೆ ಕಡೆಗೂ ಹೋಗಿದೆ. 1953ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಊಟಕ್ಕೆ ಲಂಡನ್ನಿನಲ್ಲಿ ರೋಸ್‌ಮೇರಿ ಹ್ಯೂಮ್ ಮತ್ತು ಕಾನ್‌ಸ್ಟನ್ಸ್ ಸ್ಪ್ರೈ ರೂಪಿಸಿದ ತಣ್ಣನೆಯ ಕೋಳಿಯ ಅಡುಗೆಯಲ್ಲಿ ಕರಿ ಪುಡಿಯ ಜೊತೆ ಅರೆದ ಜರ್ದಾಳು ಇತ್ತು. ದಕ್ಷಿಣ ಆಫ್ರಿಕಾದ ಕೇಪ್ ಮಲಯ್ ಮನೆಗಳಲ್ಲಿ ಮಾಂಸದ ಕರಿಗೆ ಜರ್ದಾಳು ಜಾಮ್ ಹಾಕುತ್ತಾರೆ, ಜಪಾನಿನ ಮನೆಗಳಲ್ಲಿ ಸೇಬು ತುರಿದು ಹಾಕುವುದುಂಟು. ಮೂರೂ ಕಡೆ ಹಣ್ಣು ಮಾಡುವ ಕೆಲಸ ಮೇಲೆ ಹೇಳಿದ್ದೇ.

ವರ್ಷವಿಡೀ ಅನಾನಸ್, ಜರ್ದಾಳುಗಳಿಗೇ ಅಂಟಿಕೊಳ್ಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ದೋರೆ ಮಾವಿನಕಾಯಿ ಕೋಳಿಗೆ ಬಹಳ ಹೊಂದುತ್ತದೆ, ಸಿಪ್ಪೆ ತೆಗೆದ ದಪ್ಪ ಹೋಳುಗಳನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಬೇಕು. ಕಳಿತ ಆಪೂಸನ್ನು ಮಾತ್ರ ಮಾಂಸದ ಜೊತೆ ಕುದಿಸಬೇಡಿ, ಆ ಪರಿಮಳ ಬಿಸಿಗೆ ನಿಲ್ಲುವುದಿಲ್ಲ. ನಾಶಿಕದ ದ್ರಾಕ್ಷಿ ಬರುವ ಕಾಲದಲ್ಲಿ ಹುಳಿ ಇರುವ ಹಸಿರು ದ್ರಾಕ್ಷಿಯನ್ನು ಎರಡು ಹೋಳು ಮಾಡಿ, ಕಾಳುಮೆಣಸು ಮುಂದಾದ ಕೋಳಿ ಸಾರಿಗೆ ಇಳಿಸುವ ಮೊದಲು ಐದು ನಿಮಿಷ ಬಿಡಬಹುದು. ಸೇಬಿಗೆ ಸ್ವಂತ ದನಿ ಕಡಿಮೆ. ತುರಿದು ಈರುಳ್ಳಿಯ ಜೊತೆ ಕರಗಿಸಿದರೆ ಮಂದಕ್ಕಷ್ಟೇ ಒಳ್ಳೆಯದು, ಹುಳಿಗೆ ನಿಂಬೆ ಹಿಂಡಬೇಕು. ಹಸಿ ಪಪ್ಪಾಯಿ ರುಚಿಗಲ್ಲ, ಬಲಿತ ಮಟನ್ ಮೆತ್ತಗಾಗಲಿಕ್ಕೆ: ಕಿಲೋಗೆ ಒಂದು ದೊಡ್ಡ ಚಮಚ ಅರೆದದ್ದು, ಒಂದು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ರಾತ್ರಿಯಿಡೀ ಬಿಟ್ಟರೆ ನನ್ನ ಅನಾನಸ್ ಕೋಳಿಯ ಕಥೆಯೇ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಒಂದು ಲೆಕ್ಕ ನೆನಪಿಡಿ. 100 ಗ್ರಾಂ ತಾಜಾ ಅನಾನಸಿನಲ್ಲಿ ಸಕ್ಕರೆ ಸುಮಾರು 10 ಗ್ರಾಂ, 100 ಗ್ರಾಂ ಒಣ ಜರ್ದಾಳಿನಲ್ಲಿ 50 ಗ್ರಾಂಗಿಂತ ಹೆಚ್ಚು. ಎಣ್ಣೆ ಕಡಿಮೆಯಾದ ಮಾತ್ರಕ್ಕೆ ಅದು ಎಲ್ಲರಿಗೂ ಹಗುರ ಎಂದಲ್ಲ. ನಮ್ಮ ಅತ್ತೆಗೆ ಜರ್ದಾಳು ಮಟನ್ ಎಂದರೆ ಪ್ರೀತಿ, ಅವರ ತಟ್ಟೆಗೆ ಇಡೀ ಹಣ್ಣು ಒಂದೇ ಬೀಳುತ್ತದೆ. ಜೊತೆಗೆ ಅನ್ನದ ಬದಲು ಒಂದು ಚಪಾತಿ, ಸೌತೆಕಾಯಿ.

ಕೋಳಿ ಸಾರಿಗೆ ನೀರ್ ದೋಸೆಯೋ ಕುಚ್ಚಲಕ್ಕಿ ಅನ್ನವೋ ಆಗಬೇಕು. ಕೋರಿ ರೊಟ್ಟಿಯ ಮೇಲೆ ಸುರಿಯಲು ಈ ಸಾರು ತೀರ ತೆಳು, ರೊಟ್ಟಿ ನೆನೆದು ಮುದ್ದೆಯಾಗುತ್ತದೆ. ಉಳಿದರೆ ಬಿಸಿ ಆರಿದ ಕೂಡಲೇ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಮುಂಬೈಯ ಸೆಕೆಯಲ್ಲಿ ತೆಂಗಿನ ಹಾಲಿನ ಸಾರು ಹೊರಗೆ ಉಳಿಯುವುದಿಲ್ಲ. ಮರುದಿನ ಚೆನ್ನಾಗಿ ಬಿಸಿ ಮಾಡುವಾಗ ಹಾಲು ತುಸು ಒಡೆಯುತ್ತದೆ, ಹಣ್ಣಿನ ಪರಿಮಳವೂ ಅರ್ಧಕ್ಕೆ ಇಳಿದಿರುತ್ತದೆ. ಅದಕ್ಕೆಂದು ನಾನು ಕಾವಲಿಯಲ್ಲಿ ಬಾಡಿಸಿದ ಅನಾನಸಿನಲ್ಲಿ ಏಳೆಂಟು ಹೋಳು ಮೊದಲೇ ಡಬ್ಬಿಯಲ್ಲಿ ತೆಗೆದಿಡುತ್ತೇನೆ. ಸಾರು ಕುದಿದು ಒಲೆ ಆರಿಸಿದ ಮೇಲೆ ಅವನ್ನು ಹಾಕಿ ಐದು ನಿಮಿಷ ಮುಚ್ಚಿಡುತ್ತೇನೆ.